ಬಾಳೆಗೊನೆಯ ಕೋಣೆಯಲ್ಲಿಟ್ಟ ಹೂವು

ಪಾಠ ಹೇಳಿ ಹೊಟ್ಟೆ ಹೊರೆಯುವವರಿಗೆಲ್ಲ ಒಂದು ಕಾಯಿಲೆ ಅಂಟಿಕೊಂಡಿರುತ್ತದೆ. ಗಂಟೆ ಹೊಡೆದ ಮೇಲೂ ಬಾಯಿ ನಿಲ್ಲುವುದಿಲ್ಲ. ನಾನು ದೊಡ್ಡಬಳ್ಳಾಪುರದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತೇನೆ. ಅಲ್ಲಿ ಮಕ್ಕಳು ಹಾಜರಾತಿಯ ಭಯಕ್ಕಾದರೂ ಕೂತು ಕೇಳುತ್ತಾರೆ. ಮನೆಯಲ್ಲಿ ಬೆಳ್ಳಿ ದೀಪ ಏಕೆ ಕಪ್ಪಾಯಿತೆಂದು ವಿವರಿಸಲು ಹೊರಟರೆ ಅತ್ತೆ ಮೆಲ್ಲಗೆ ಹಿತ್ತಲಿಗೆ ನಡೆದುಬಿಡುತ್ತಾರೆ. ಇಂಥ ನನ್ನ ಪಾಠವನ್ನು ಮನೆ ತುಂಬ ಜನ ಉಸಿರು ಬಿಗಿಹಿಡಿದು ಕೇಳಿದ್ದು ಒಂದೇ ಒಂದು ಸಲ.

ನನ್ನ ನಾದಿನಿ ರೂಪಾಳ ನಿಶ್ಚಿತಾರ್ಥ, ಸಾಸಲು ಹತ್ತಿರದ ನಮ್ಮ ಮನೆಯಲ್ಲೇ. ಗಂಡಿನವರು ಹೊಸಕೋಟೆ ಕಡೆಯವರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಆದರೂ ಮನೆಯವರಿಗೆಲ್ಲ ಒಳಗೊಳಗೇ ಅಳುಕು. ಹಿಂದೆ ರೂಪಾಳನ್ನು ನೋಡಲು ಬಂದವರು, ತಾವು ಕೂತಿದ್ದಾಗ ದೇವರ ದೀಪ ಆರಿತೆಂದು ಆ ಸಂಬಂಧವನ್ನೇ ಬಿಟ್ಟುಹೋಗಿದ್ದರು. ಈಗಿನ ಹುಡುಗನ ಸೋದರತ್ತೆ ಗೌರಮ್ಮನವರೂ ಶಕುನ ನೋಡುವವರೇ, ಅವರು ಹೂಂ ಅನ್ನದೆ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಕೇಳಿದ್ದೆವು.

ಊಟದ ಬಾಳೆಹಣ್ಣು ನಮ್ಮ ತೋಟದ್ದೇ ಆಗಬೇಕೆಂದು ಗೊನೆ ಕಡಿಸಿದ್ದೆವು, ಆದರೆ ಕಾಯಿ ಇನ್ನೂ ಹಸಿರು. ಯಾರೋ ಕಾರ್ಬೈಡ್ ಹಾಕಿ ಅಂದರು. ಅದು ವಿಷ, ಸರ್ಕಾರ ನಿಷೇಧಿಸಿದೆ ಎಂದು ನಾನು ಎಗರಾಡಿ, ಎಥಿಲೀನ್ ಬಿಡುವ ಪುಟ್ಟ ಪೊಟ್ಟಣಗಳನ್ನು ತಂದು ಉಗ್ರಾಣದಲ್ಲಿ ಗೊನೆಗಳ ನಡುವೆ ಇಟ್ಟು ಬಾಗಿಲು ಮುಚ್ಚಿದೆ. ಸುಮ್ಮನಿರಬಹುದಿತ್ತು. "ಆಲ್ಕೀನ್ ಅಂತ ಒಂದು ಕುಟುಂಬ ಇದೆ ಅತ್ತೆ, ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು ಈ ಎಥಿಲೀನ್. ಎರಡು ಇಂಗಾಲ, ಎರಡೂ ಕೈ ಹಿಡ್ಕೊಂಡಿರ್ತವೆ. ಒಂದು ಹಿಡಿತ ಗಟ್ಟಿ, ಇನ್ನೊಂದು ಸಡಿಲ. ಯಾರಾದ್ರೂ ಹತ್ರ ಬಂದ್ರೆ ಆ ಸಡಿಲ ಕೈ ಬಿಟ್ಟು ಅವರನ್ನ ಹಿಡ್ಕೊಳ್ತವೆ," ಎಂದು ಶುರುಮಾಡಿದೆ.

"ಎರಡೂ ಕೈ ಹಿಡ್ಕೊಂಡೋರೇ ಹಿಂಗೆ ಬಿಟ್ಬಿಟ್ರೆ, ಒಂದು ಕೈ ಹಿಡ್ಕೊಂಡೋರ ಗತಿಯೇನಮ್ಮ?" ಎಂದರು ಅತ್ತೆ.

ಒಂದೇ ಕೈ ಹಿಡಿದವರು ಬಿಡುವುದು ಕಷ್ಟ ಎಂದು ನಾನು ಹೇಳುವಷ್ಟರಲ್ಲಿ ಅವರು ಹಿತ್ತಲಲ್ಲಿದ್ದರು.

ನಿಶ್ಚಿತಾರ್ಥದ ಹಿಂದಿನ ದಿನ ಸಂಜೆ ನಮ್ಮೆಜಮಾನರು ಕುಂದಾಣದ ಕಡೆಯ, ಹೂವು ಬೆಳೆಯುವ ಪಾಲಿಹೌಸಿನಿಂದ ಹೂವು ತಂದರು. ರೂಪಾ ಆಸೆಪಟ್ಟು ಹೇಳಿದ್ದ ತಿಳಿಗುಲಾಬಿ ಬಣ್ಣದ ಕಾರ್ನೇಷನ್ ಹಾರ ಎರಡು, ಜೊತೆಗೆ ಅಲಂಕಾರಕ್ಕೆ ಬಿಡಿಹೂವಿನ ಕಟ್ಟು. ನಾನು ಟೈಲರ್ ಅಂಗಡಿಯಲ್ಲಿ ರವಿಕೆಗೆ ಕಾಯುತ್ತ ನಿಂತಿದ್ದೆ. ಎಲ್ಲಿಡಲಿ ಎಂದು ಫೋನು ಬಂತು. "ತಣ್ಣಗಿರೋ ಕಡೆ ಇಡ್ರೀ, ಉಗ್ರಾಣದಲ್ಲಿ ಇಡಿ, ಬಾಗ್ಲು ಭದ್ರವಾಗಿ ಹಾಕಿ," ಎಂದೆ. ಎಥಿಲೀನ್ ಹೂವನ್ನು ಮುದಿಮಾಡುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನೇ. ಆದರೆ ಬೋರ್ಡಿನ ಮೇಲಿನದ್ದು ಉಗ್ರಾಣದೊಳಗೂ ನಡೆಯುತ್ತದೆಂದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಬಾಳೆಹಣ್ಣು ಚಿನ್ನದ ಹಾಗೆ ಹೊಳೆಯುತ್ತಿತ್ತು. ಹಾರಗಳು ಮಾತ್ರ ಸತ್ತಿದ್ದವು. ದಳಗಳೆಲ್ಲ ಒಳಕ್ಕೆ ಮಡಚಿ, ಒಂದೊಂದು ಹೂವೂ ಕಣ್ಣುಮುಚ್ಚಿ ಮಲಗಿದಂತಿತ್ತು. ಹಿಂದೆಯೇ ಬಂದ ರೂಪಾ ನೋಡಿ, ಗೋಡೆಗೆ ಒರಗಿಬಿಟ್ಟಳು. "ಅತ್ತಿಗೆ, ಆವತ್ತು ದೀಪ, ಇವತ್ತು ಹೂವು," ಎಂದಳು. ಅಷ್ಟರಲ್ಲಿ ಗಂಡಿನವರು ದೇವನಹಳ್ಳಿ ದಾಟಿದರೆಂದು ಫೋನು ಬಂತು.

ಅವರು ಬರುವುದರೊಳಗೆ ಹಾರಗಳನ್ನು ಕಾಣದ ಹಾಗೆ ಮಾಡೋಣವೆಂದು ಬುಟ್ಟಿಗೆ ತುಂಬಿ, ಮೇಲೆ ಟವೆಲ್ ಹೊದಿಸಿದೆವು. ಬದಲಿ ಹೂವು ಎಲ್ಲಿಂದ ತರುವುದೆಂದು ಒದ್ದಾಡುತ್ತ, ಯಾರೂ ನೋಡದ ಸಮಯ ಕಾದು ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋಗುವ ಹೊತ್ತಿಗೆ ಕಾರುಗಳು ಬಂದೇಬಿಟ್ಟಿದ್ದವು. ಎದುರಿಗೆ, ಹಿತ್ತಲ ನಲ್ಲಿಯ ಹತ್ತಿರ, ಕಾಲು ತೊಳೆಯುತ್ತಿದ್ದವರು ಸಾಕ್ಷಾತ್ ಗೌರಮ್ಮನವರು! ಟವೆಲ್ ಜಾರಿತು.

"ಇದೇನಮ್ಮ ಇದು, ಹುಡ್ಗ ಹುಡ್ಗಿಗೆ ಹಾಕೋ ಹಾರವಾ?"

ಅಂಗಳದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿಗೆ ಬಂದು ನಿಂತರು. ರೂಪಾಳ ಮುಖ ನೋಡಿದೆ. ಈಗ ನಾನು ಸುಮ್ಮನಿದ್ದರೆ ಆ ಬಾಡಿದ ಹೂವು ಅವಳ ಹಣೆಬರಹವಾಗುತ್ತದೆ.

"ಇದು ಶಕುನ ಅಲ್ಲಮ್ಮ, ನನ್ನ ತಪ್ಪು," ಎಂದೆ. ಹಣ್ಣಿಗಿಟ್ಟ ಪೊಟ್ಟಣ, ಅದರಿಂದ ಬರುವ ಅನಿಲ, ಹಣ್ಣು ಮಾಗುತ್ತ ತಾನೂ ಅದೇ ಅನಿಲ ಬಿಡುವುದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. "ಕಾಯಿಗೆ ಮಾಗು ಅನ್ನೋ ಅನಿಲವೇ ಹೂವಿಗೆ ಮುದುಡು ಅಂತದೆ. ಎರಡನ್ನೂ ಒಂದೇ ಕೋಣೇಲಿ ಕೂಡಿಹಾಕಿಸಿದೋಳು ನಾನು."

"ಮಾತು ಚೆನ್ನಾಗೈತೆ. ನಂಬೋದು ಹೆಂಗೆ?"

ನನಗೆ ತಟ್ಟನೆ ನೆನಪಾಯಿತು. ಉಗ್ರಾಣಕ್ಕೆ ಹೋಗುವ ಮೊದಲೇ ಅದೇ ಕಟ್ಟಿನ ಒಂದೆರಡು ಹೂವನ್ನು ಅತ್ತೆ ತೆಗೆದು ದೇವರಿಗೆ ಇಟ್ಟಿದ್ದರು. ಓಡಿಹೋಗಿ ತಂದೆ. ಅರಳಿಕೊಂಡು ನಗುತ್ತಿದ್ದವು. ಗೆದ್ದೆ ಅಂದುಕೊಂಡೆ.

ಗೌರಮ್ಮ ಹೂವನ್ನು ಕಣ್ಣಿಗೊತ್ತಿಕೊಂಡರು. "ದೇವ್ರ ಮುಂದೆ ಇದ್ದ ಹೂವು ಬಾಡ್ತದೇನಮ್ಮ?"

ನನ್ನ ಇಷ್ಟು ವರ್ಷದ ವಿಜ್ಞಾನ ಅಲ್ಲಿಗೆ ಕೈಚೆಲ್ಲಿತು. ಬಾಗಿಲಲ್ಲಿ ಪಿಸುಮಾತು ಶುರುವಾಯಿತು. ಹುಡುಗ ಮುಂದೆ ಬಂದು, "ಅತ್ತೆ, ಹೂವಿಗೋಸ್ಕರ ನಾನು ಬಂದಿಲ್ಲ," ಎಂದ. ಅವರು ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. ರೂಪಾ ಸೆರಗು ಹಿಂಡುತ್ತಿದ್ದಳು. ಆಗ, ಅಲ್ಲಿಯವರೆಗೂ ಕಂಬದ ಹಾಗೆ ನಿಂತಿದ್ದ ನಮ್ಮೆಜಮಾನರು ತಲೆ ಕೆರೆದುಕೊಂಡು, "ಕಟ್ಟಿಂದ ಉದುರಿದ್ದ ಒಂದನ್ನ ಸ್ಕೂಟರ್ ಬುಟ್ಟೀಲೇ ಬಿಟ್ಟಿದ್ದೆ," ಎಂದರು.

ಎಲ್ಲರೂ ಮೆರವಣಿಗೆಯಂತೆ ಅಂಗಳಕ್ಕೆ ನಡೆದೆವು. ರಾತ್ರಿಯ ಇಬ್ಬನಿಯಲ್ಲಿ ನೆನೆದ ಬುಟ್ಟಿಯಲ್ಲಿ, ಹಳೇ ಒರೆಸುವ ಬಟ್ಟೆಯ ಮೇಲೆ, ತೊಟ್ಟು ಮುರಿದ ಕಾರ್ನೇಷನ್ ಒಂದು ಅರಳಿಕೊಂಡೇ ಮಲಗಿತ್ತು. ಗೌರಮ್ಮ ಅದನ್ನೂ ನೋಡಿದರು, ಸ್ಕೂಟರನ್ನೂ ನೋಡಿದರು. ಆ ಸ್ಕೂಟರಿನಲ್ಲಿ ದೈವಾಂಶವಿದೆಯೆಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

"ಹಂಗಾದ್ರೆ ತಪ್ಪು ಹುಡುಗೀದಲ್ಲ," ಎಂದರು. "ಈ ಊರಲ್ಲಿ ಬೇರೆ ಹೂವು ಸಿಗಲ್ವಾ?"

ಪಕ್ಕದ ಹೊಲದಿಂದ ಸೇವಂತಿಗೆ ಬಂತು. ಅತ್ತೆ ಮತ್ತು ಗೌರಮ್ಮ ಎದುರುಬದುರು ಕೂತು ಸರಸರನೆ ಹಾರ ಕಟ್ಟಿದರು. ಸೇವಂತಿಗೆ ಎಥಿಲೀನಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿಕೊಂಡೆ. ಉಂಗುರ ಬದಲಾಯಿತು, ರೂಪಾ ಅತ್ತಳು, ನಕ್ಕಳು. ಗೌರಮ್ಮ ಊಟದಲ್ಲಿ ಬಾಳೆಹಣ್ಣನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡು, "ಮದ್ವೆಗೂ ಹಣ್ಣು ಈಯಮ್ಮನೇ ಮಾಡ್ಲಿ," ಎಂದು ಎಲ್ಲರೆದುರು ಅಪ್ಪಣೆ ಕೊಟ್ಟರು. ನನ್ನ ತಲೆ ಸ್ವಲ್ಪ ನೆಟ್ಟಗಾಯಿತು.

ಮದುವೆ ದಿನ ಅದೇ ಗತ್ತಿನಲ್ಲಿ ಛತ್ರದ ಹೂವಿನ ಕೋಣೆಗೆ, ಮಂಟಪದ ಅಲಂಕಾರ ಎಲ್ಲಿಗೆ ಬಂತೆಂದು ನೋಡಲು ಹೋದೆ. ಬಾಗಿಲಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ಕೈ ಅಡ್ಡ ಹಿಡಿದಳು.

"ನೀವು ಕಾಲೇಜು ಮೇಡಮ್ಮಾ?"

"ಹೌದು," ಎಂದೆ ಹೆಮ್ಮೆಯಿಂದ.

"ನಿಮ್ಮನ್ನ ಹೂವಿನ ಹತ್ರ ಬಿಡ್ಬೇಡ ಅಂದವ್ರೆ ಗೌರಮ್ಮನೋರು."

ಅನಿಲ ಬರುವುದು ಹಣ್ಣಿನಿಂದ, ನನ್ನಿಂದ ಅಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳು.