ಲೆನ್ಸಿಗೆ ಹಚ್ಚಿದ ಕುಂಕುಮ

ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆ ವಲಯದಲ್ಲಿ ದಾರಿ ತಪ್ಪಿದ ಛಾಯಾಗ್ರಾಹಕರಿಗೆ ಅವರವರ ಚೀಲದ ಗಾತ್ರಕ್ಕೆ ತಕ್ಕ ದಾರಿಯನ್ನೇ ತೋರಿಸಲಾಗುತ್ತದೆ. 2007ರ ಖಂಡೇನವಮಿಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ರೇಣು ಇದನ್ನು ಸ್ವತಃ ಅನುಭವಿಸಿದಳು. ಲಡಾಖಿನ ಹಿಮದಲ್ಲೂ ಜಂಜೀಬಾರದ ಗಲ್ಲಿಗಳಲ್ಲೂ ಕಳೆದುಹೋಗಿ ಕ್ಷೇಮವಾಗಿ ಮರಳಿದ್ದ ಆಕೆ, ಒಂದೇ ಥರದ ತಗಡಿನ ಶೆಡ್ಡುಗಳ ನಡುವೆ ಸುತ್ತಿ ಸುತ್ತಿ ಮತ್ತೆ ಅದೇ ಪಂಕ್ಚರ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದ್ದಳು.

"ದಾದಾ, ಮೋಹನದಾಸರ ಹೊಸ ಹೋಟೆಲ್ ಎಲ್ಲಿ?" ಎಂದು ಮರಾಠಿಯಲ್ಲಿ ಕೇಳಿದಳು.

ಅಂಗಡಿಯ ಪಂಢರಿನಾಥ ಆಕೆಯ ಹೆಗಲಿನ ಚೀಲ ನೋಡಿದ. ಕಾರ್ಖಾನೆಗೆ ಊಟದ ಡಬ್ಬಿ ಒಪ್ಪಿಸುವ ಗೇಟಿಗೆ ಆಕೆಯನ್ನು ಈಗಾಗಲೇ ಎರಡು ಸಲ ಕಳಿಸಿದ್ದು ಆತನೇ.

"ಡಬ್ಬಿ ತಗೊಳ್ಳಲಿಲ್ಲವಾ ಅವರು?"

"ಇದು ಡಬ್ಬಿ ಅಲ್ಲ, ಕ್ಯಾಮೆರಾ."

"ಇಷ್ಟೇನಾ?" ಪಂಢರಿನಾಥನಿಗೆ ಮರುಕ ಬಂತು. "ಫೋಟೋದವರೆಲ್ಲ ಆಗಲೇ ಹೋದರು ತಾಈ. ಒಬ್ಬೊಬ್ಬರ ಹೆಗಲ ಮೇಲೂ ಗ್ಯಾಸ್ ಸಿಲಿಂಡರಿನಷ್ಟು ಸಾಮಾನು. ಹೋಗು, ನನ್ನ ಅಂಗಡಿಯ ಹಿಂದೆಯೇ ಇದೆ."

ಆಕೆ ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು.

ಪುಣೆ ಕನ್ನಡ ಛಾಯಾಗ್ರಾಹಕರ ಹಿತವರ್ಧಕ ಸಂಘವು ಪ್ರತಿ ಖಂಡೇನವಮಿಗೆ ತನ್ನ ಸದಸ್ಯರ ಕ್ಯಾಮೆರಾಗಳನ್ನು ಒಟ್ಟಿಗೆ ಪೂಜಿಸುತ್ತದೆ. ಆ ವರ್ಷ ಮೋಹನದಾಸರು ತಮ್ಮ ಹೊಸ ಹೋಟೆಲಿನ ಉದ್ಘಾಟನೆಯನ್ನೂ ಅದೇ ದಿನ ಇಟ್ಟುಕೊಂಡು, ಎಲ್ಲರಿಗೂ ಊಟ ಹಾಕಿ, ಫೋಟೋಗಳನ್ನು ಪುಕ್ಕಟೆ ತೆಗೆಸಿಕೊಳ್ಳುವ ವ್ಯವಸ್ಥೆ ಮಾಡಿದ್ದರು. ಪ್ರತಿವರ್ಷ ಬಂದು ಕ್ಯಾಮೆರಾದ ಪೆಟ್ಟಿಗೆಗೆ ವಿಭೂತಿ ಹಚ್ಚುತ್ತಿದ್ದ ಅಯ್ಯನವರು ಬರಲಿಲ್ಲವಾದ್ದರಿಂದ ಅಧ್ಯಕ್ಷ ಸಿದ್ದಾರೂಢರೇ ಪೂಜೆಗೆ ಕೂತರು. ಪುಣೆಯ ಧನಕವಡಿ ಬಡಾವಣೆಯಲ್ಲಿ ಮೊದಲು ಪಂಪ್‌ಸೆಟ್ಟು, ಈಗ ಕ್ಯಾಮೆರಾ ಮಾರುವ ಇವರು ಸಂಘದಲ್ಲೇ ಅತಿ ಉದ್ದದ ಲೆನ್ಸ್ ಹೊಂದಿದ್ದರಿಂದ ಅವಿರೋಧವಾಗಿ ಆಯ್ಕೆಯಾದವರು. ಕ್ಯಾಮೆರಾಕ್ಕೆ ಹಣೆ ಯಾವುದೆಂಬ ಪ್ರಶ್ನೆ ಬಂದು, ಚರ್ಚೆಯಾಗಿ, ಗಾಜೇ ಹಣೆಯೆಂದು ತೀರ್ಮಾನವಾಯಿತು. ಪ್ರತಿ ಲೆನ್ಸಿನ ಗಾಜಿಗೂ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟರು. ದೇವರ ಕಾರ್ಯವಾದ ಮೇಲೆ ಒರೆಸುವ ಧೈರ್ಯ ಯಾರಿಗೂ ಆಗಲಿಲ್ಲ. ಹಾಗೆಯೇ ಕ್ಲಿಕ್ಕಿಸಿದರು.

ವಾರದ ನಂತರ ಫೋಟೋಗಳು ಬಂದವು. ಎಲ್ಲದರಲ್ಲೂ ಹಾಲಿನಂಥ ಮಂಜು. ಮಂಜಿನ ನಡುವೆ ಒಂದು ಕೆಂಪು ಮಬ್ಬು. ಮಬ್ಬಿನೊಳಗೆ ರಿಬ್ಬನ್ ಕತ್ತರಿಸುತ್ತಿರುವ ಯಾರೋ. ಪೂಜೆ ತಪ್ಪಿದ್ದ ರೇಣುವಿನ ಫೋಟೋಗಳಲ್ಲಿ ಮಾತ್ರ ಮೋಹನದಾಸರು ಮೋಹನದಾಸರಂತೆಯೇ ಇದ್ದರು. ಯಾವುದು ದೋಷಪೂರಿತವೆಂಬುದನ್ನು ಸಂಘ ಮತಕ್ಕೆ ಹಾಕಿತು. ರೇಣುವಿನವು ಬಹುಮತದಿಂದ ದೋಷಪೂರಿತವೆಂದು ಸಾಬೀತಾದವು.

ಅದೇ ಸಂಜೆ ಸಿದ್ದಾರೂಢರು ತಮ್ಮ 'ಸಿದ್ಧನೋಟ' ಬ್ಲಾಗಿನಲ್ಲಿ, ದುಬಾರಿ ಲೆನ್ಸುಗಳು ಮಾತ್ರ ಮಂಗಳಕಾರ್ಯದ ಕಳೆಯನ್ನು ಹೀಗೆ ಕೆಂಪಾಗಿ ಹಿಡಿಯಬಲ್ಲವೆಂದೂ, ಸಣ್ಣ ಲೆನ್ಸುಗಳು ಕಣ್ಣಿಗೆ ಕಂಡದ್ದನ್ನಷ್ಟೇ ಹಿಡಿದು ಸುಮ್ಮನಾಗುತ್ತವೆಂದೂ ಬರೆದರು. ಕೆಳಗೆ "ಸೂಪರ್ ಸರ್, ಯಾವ ಲೆನ್ಸು?" ಎಂಬ ಅಭಿಪ್ರಾಯಗಳು ಸಾಲುಗಟ್ಟಿದವು. ರೇಣುವೂ ತನ್ನ ಬ್ಲಾಗಿನಲ್ಲಿ ಒಂದು ಸಾಲು ಬರೆದಳು: "ಗಾಜು ಒರೆಸಿ ನೋಡಿ." ಕೆಳಗೆ ಒಂದೇ ಒಂದು ಅಭಿಪ್ರಾಯ ಬಂತು: "ಮೇಡಂ, ನಿಮಗೆ ಹೊಟ್ಟೆಕಿಚ್ಚು."

ದೀಪಾವಳಿಗೆ ಮುಂಚೆ ಸುತ್ತೋಲೆ ಹೊರಟಿತು. ಪೂಜೆಯ ಗುರುತನ್ನು ಮುಂದಿನ ಖಂಡೇನವಮಿಯವರೆಗೆ ಯಾವ ಸದಸ್ಯರೂ ಒರೆಸತಕ್ಕದ್ದಲ್ಲ. ಹೊಸ ಕ್ಯಾಮೆರಾದ ಪ್ಲಾಸ್ಟಿಕ್ ಹೊದಿಕೆಯನ್ನು ಫೋಟೋ ತೆಗೆಯುವ ಕ್ಷುಲ್ಲಕ ಕಾರಣಕ್ಕಾಗಿ ಬಿಚ್ಚತಕ್ಕದ್ದಲ್ಲ. ಗಿರಾಕಿಗಳು ಸೃಜನಶೀಲತೆಯ ಬಗ್ಗೆ ವಿಚಾರಿಸಿದಲ್ಲಿ ಲೆನ್ಸಿನ ಬೆಲೆಯನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು. ಪೂಜೆ ತಪ್ಪಿಸಿಕೊಂಡವರ ಅನುಕೂಲಕ್ಕಾಗಿ, ಮೊದಲೇ ಕುಂಕುಮ ಹಚ್ಚಿದ ಗಾಜು ಅಧ್ಯಕ್ಷರ ಅಂಗಡಿಯಲ್ಲಿ ಲಭ್ಯ.

ರೇಣುವಿಗೆ ಪ್ರತ್ಯೇಕ ನೋಟಿಸು ಬಂತು. ಮಬ್ಬಿರುವ ಒಂದಾದರೂ ಫೋಟೋ ತೋರಿಸದಿದ್ದರೆ ಸಂಘದ ಕಾರ್ಡು ರದ್ದು. ಕಾರ್ಡಿಲ್ಲದವರನ್ನು ಪುಣೆಯ ಕನ್ನಡಿಗರು ಮದುವೆಯ ಊಟಕ್ಕೆ ಕರೆದಾರು, ಫೋಟೋಕ್ಕೆ ಕರೆಯರು. ಮದುವೆಯ ಫೋಟೋವೇ ಆಕೆಯ ಅನ್ನ.

ವಿಚಾರಣೆ ಮೋಹನದಾಸರ ಹೋಟೆಲಿನಲ್ಲೇ ನಡೆಯಿತು.

"ರೇಣುಬಾಯಾರ," ಎಂದರು ಸಿದ್ದಾರೂಢರು, "ನಿಮ್ಮ ಫೋಟೋ ಭಾಳ ಚಂದ ಅದಾವ್ರಿ. ತೊಂದ್ರಿ ಇರೋದ ಅಲ್ಲಿ. ಮುಖ, ಮೂಗು, ಎಲ್ಲಾ ಕಾಣತಾವು. ನಾಕ ಮಂದಿ ಬರೂ ಮನ್ಯಾಗ ಇದನ್ನ ಹೆಂಗ ಹಾಕ್ಕೋಬೇಕ್ರಿ?"

"ನನ್ನ ಗೋಡೆಗೆ ಎರಡನೇ ಕೋಟ್ ಪೇಂಟೇ ಆಗ್ಲಿಲ್ಲ ಮಾರಾಯ್ರೆ," ಎಂದರು ಮೋಹನದಾಸರು. "ಇವ್ರ ಫೋಟೋದಲ್ಲಿ ಅದೂ ಕಾಣ್ತದೆ. ಅಧ್ಯಕ್ಷರದ್ದರಲ್ಲಿ ನೋಡಿ, ಫೈವ್ ಸ್ಟಾರ್!"

"ಸತ್ತವರ ಫೋಟೋಕ್ಕ ಕುಂಕುಮಾ ಹಚ್ಚತಾರ್ರಿ," ಎಂದಳು ರೇಣು. "ನೀವು ಜೀವಂತ ಇದ್ದವರಿಗೆ ಹಚ್ಚಾಕತ್ತೀರಿ. ಮದುಮಕ್ಕಳು ಸುದ್ದಾ ತೀರಿಕೊಂಡವರಂಗ ಕಾಣತಾರ."

ಸಭೆ ಈ ಆಕ್ಷೇಪಣೆಯನ್ನು ಗಂಭೀರವಾಗಿ ಪರಿಗಣಿಸಿತು. ಮುಂದೊಂದು ದಿನ ಹೇಗೂ ಹಚ್ಚಲೇಬೇಕಾದ್ದನ್ನು ಮುಂಗಡವಾಗಿ ಹಚ್ಚುವುದರಿಂದ ಕುಟುಂಬದವರಿಗೆ ದುಃಖದ ಸಮಯದಲ್ಲಿ ಒಂದು ಕೆಲಸ ಉಳಿಯುತ್ತದೆಂದು ದಾಖಲಿಸಿ, ತಿಂಗಳ ಗಡುವು ಕೊಟ್ಟಿತು. ಸಿದ್ದಾರೂಢರು ಕಾರ್ಡನ್ನು ಇಸಿದುಕೊಂಡು ಕಿಸೆಗೆ ಹಾಕಿಕೊಂಡರು.

ಆ ತಿಂಗಳು ರೇಣುವಿಗೆ ಕೆಲಸ ಬರಲಿಲ್ಲ. ಹಿಂದೆಯೂ ಹೀಗಾದಾಗ ಆಕೆ ಉಣ್ಣುತ್ತಿದ್ದುದು ಧನಕವಡಿಯಲ್ಲಿ ಚನ್ನಬಸವ್ವನ ಖಾನಾವಳಿಯಲ್ಲಿ. ಜೋಳದ ರೊಟ್ಟಿ, ಎಣ್ಣೆಗಾಯಿ. ದುಡ್ಡು ಕೊಡಹೋದರೆ ಚನ್ನಬಸವ್ವ ಕೈ ಸರಿಸುತ್ತಿದ್ದಳು.

"ರೊಕ್ಕಾ ಇಟಗೋ. ನಂದೊಂದ ಫೋಟೋ ತಗದ ಕೊಡ. ಎಲ್ಲಾ ಖಾನಾವಳ್ಯಾಗೂ ರೊಕ್ಕದ ಗಲ್ಲೆದ ಮ್ಯಾಲ ಮಾಲಕರ ಫೋಟೋ ಇರತದ, ಖರೆ ಸತ್ತ ಮ್ಯಾಲ ಹಾಕಿರತಾರ. ಅದನ್ನ ಅವರು ಹೆಂಗ ನೋಡಬೇಕ? ನಂದು ನಾನ ನೋಡಬೇಕವಾ."

ಆಯಿತೆಂದು ಹೇಳಿ ರೇಣು ದೇಶಾಂತರ ಹೋಗಿದ್ದಳು, ಬಂದಿದ್ದಳು, ಮತ್ತೆ ಹೋಗಿದ್ದಳು. ಯಾವ್ಯಾವುದೋ ಊರಿನ ಅಪರಿಚಿತ ಮುದುಕಿಯರ ಮುಖಗಳೆಲ್ಲ ಆಕೆಯ ಬ್ಲಾಗಿನಲ್ಲಿದ್ದವು. ಅನ್ನ ಹಾಕಿದವಳದು ಇರಲಿಲ್ಲ.

ಈಗ ಕೈ ಖಾಲಿ ಇತ್ತು. ಆಕೆ ಒಂದು ಬೆಳಿಗ್ಗೆ ಖಾನಾವಳಿಯ ಮೂಲೆಯಲ್ಲಿ ಕೂತಳು. ಚನ್ನಬಸವ್ವ ಮೊದಲು ಸೆರಗು ಸರಿಮಾಡಿಕೊಂಡು ಪಂಚಾಯಿತಿ ಸದಸ್ಯೆಯಂತೆ ಬಿಗಿದು ನಿಂತಳು. ರೇಣು ಕ್ಯಾಮೆರಾ ಎತ್ತಲಿಲ್ಲ. ಚನ್ನಬಸವ್ವ ಬೇಸರಗೊಂಡು, ರೇಣುವಿಗೆ ಬೈದು, ಬಂದ ಗಿರಾಕಿಗೂ ಬೈದು, ಕೊನೆಗೆ ಕ್ಯಾಮೆರಾ ಇದೆಯೆಂಬುದನ್ನೇ ಮರೆತು ಹಿಟ್ಟು ನಾದತೊಡಗಿದಳು. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅದನ್ನು ನೋಡಿ ಆಕೆಯ ಮುಖದಲ್ಲಿ ಒಂದು ಸಣ್ಣ ಗೆಲುವು ಬಂತು, ರೊಟ್ಟಿ ಜೀವನದಲ್ಲಿ ಇದೇ ಮೊದಲು ಉಬ್ಬಿತೋ ಎಂಬಂತೆ. ರೇಣು ಒಂದೇ ಒಂದು ಫೋಟೋ ತೆಗೆದಳು. ಲೆನ್ಸಿನ ಬೆಲೆ ಇಲ್ಲಿ ನಮೂದಿಸುವಷ್ಟಿಲ್ಲ.

ಕಟ್ಟು ಹಾಕಿಸಿ ತಂದುಕೊಟ್ಟಾಗ ಚನ್ನಬಸವ್ವ ಬಹಳ ಹೊತ್ತು ನೋಡಿದಳು.

"ನಾನ ಅದೀನಿ," ಎಂದಳು. "ಹುಬ್ಬಿನ ಮ್ಯಾಲಿನ ಸುಟ್ಟ ಕಲೀನೂ ಬಂದದ." ಕಣ್ಣೊರೆಸಿಕೊಂಡಳು. ಆಮೇಲೆ ಫೋಟೋದ ಹಿಂಬದಿ ತಿರುಗಿಸಿ ನೋಡಿದಳು. "ಕೆಂಪ ಎಲ್ಲಿ?"

"ಯಾವ ಕೆಂಪ ಅಕ್ಕಾ?"

"ಎಲ್ಲಾರದರಾಗೂ ಇರತದಲ್ಲ, ಅದು. ಇಲ್ಲಂದ್ರ ಸಸ್ತಾದಾಗ ತಗಸ್ಯಾಳ ಅಂತಾರ ಮಂದಿ."

"ಅದನ್ನ ಹಚ್ಚಿದ್ರ ಸತ್ತವರಂಗ ಕಾಣತೀ ಅಕ್ಕಾ. ನೀನ ಅಂದಿದ್ದಿ, ಜೀವಂತ ಇದ್ದಾಗ ನೋಡಬೇಕಂತ."

"ಊರ ಮಂದಿ ಎಲ್ಲಾ ಹಂಗ ಕಾಣತಾರಂದ್ರ ನಾ ಒಬ್ಬಾಕಿ ಯಾಕ ಜೀವಂತ ಕಾಣಲಿ? ಹಚ್ಚ!"

ರೇಣು ಕುಂಕುಮದ ಬಟ್ಟಲನ್ನು ನೋಡಿದಳು, ಚನ್ನಬಸವ್ವನನ್ನು ನೋಡಿದಳು. ದೇವರ ಗೂಡಿನ ಮುಂದೆ ಹೋಗಿ ಕಟ್ಟಿನ ಗಾಜಿನ ಮೇಲೆ ಮೂರು ಬೆರಳು ವಿಭೂತಿ ಎಳೆದು, ನಡುವೆ ಉಂಗುರದ ಬೆರಳಿನಿಂದ ಕುಂಕುಮವಿಟ್ಟಳು. ರೊಟ್ಟಿಯ ಗೆಲುವು ಅದರ ಹಿಂದೆ ಮರೆಯಾಯಿತು. ಗಲ್ಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು.

ಮಧ್ಯಾಹ್ನದ ಊಟಕ್ಕೆ ಬಂದ ಸಿದ್ದಾರೂಢರು ಬಾಗಿಲಲ್ಲೇ ನಿಂತರು. ಚಪ್ಪಲಿ ಬಿಟ್ಟು, ಫೋಟೋಕ್ಕೆ ಕೈಮುಗಿದು, ಕಣ್ಣು ಮುಚ್ಚಿ, ಕ್ಷಣಕಾಲ ಮೌನ ಆಚರಿಸಿದರು. ಆಮೇಲೆ ಕಿಸೆಯಿಂದ ಕಾರ್ಡು ತೆಗೆದು ರೇಣುವಿಗೆ ಕೊಟ್ಟರು.

"ಈಗ ಬಂತ ನೋಡ್ರಿ ನಿಮಗ ಕಲಾ. ಯಾವ ಲೆನ್ಸ್ ತಗೊಂಡ್ರಿ?"

ರೇಣು ಬೆರಳು ಒರೆಸಿಕೊಳ್ಳುತ್ತ, ನಿಯಮಾನುಸಾರ, ಬಾಯಿಗೆ ಬಂದ ಒಂದು ದೊಡ್ಡ ಬೆಲೆಯನ್ನು ಸ್ಪಷ್ಟವಾಗಿ ತಿಳಿಸಿದಳು. ಸಿದ್ದಾರೂಢರು ತಲೆಯಾಡಿಸಿ ಊಟಕ್ಕೆ ಕೂತರು. ಫೋಟೋದ ಕೆಳಗೇ ನಿಂತು, ತನಗೆ ಮುಗಿದ ಕೈಗಳಿಗೆ ಬಿಸಿ ರೊಟ್ಟಿ ಬಡಿಸುತ್ತ ಚನ್ನಬಸವ್ವ ರೇಣುವಿನ ಕಡೆ ತಿರುಗಿ ಹೇಳಿದಳು:

"ನಿನ್ನ ಸಾಲ ಮುಟ್ಟಿತವಾ."