ಎಡ ದೀಪ, ಸೈರನ್ ಮತ್ತು ತಲೆಕೆಳಗಾದ ಮರ

ಟ್ಯಾಮರಾಕ್ ಕೌಂಟಿಯ ಎರಡನೇ ನಂಬರಿನ ಆಂಬುಲೆನ್ಸ್, ಎಡಕ್ಕೆ ತಿರುಗುವ ದೀಪ ಹಾಕಿದ ಕೂಡಲೇ ತಾನಾಗಿಯೇ ಸೈರನ್ ಕೂಗುತ್ತದೆಂಬ ಸಂಗತಿಯು ಮಾರ್ಚ್ ನಾಲ್ಕರಂದು ಅಧಿಕೃತವಾಗಿ ದಾಖಲಾಯಿತು. ಅದಕ್ಕೂ ಮೊದಲು ಹದಿನೈದು ದಿನ ಅದು ಅನಧಿಕೃತವಾಗಿ ಕೂಗುತ್ತಿತ್ತು. ಕೌಂಟಿಯ ವಾಹನ ವಿಭಾಗದ ಗುಮಾಸ್ತನಾಗಿ ದಾಖಲೆ ಬರೆದವನು ನಾನೇ ಆದ್ದರಿಂದ, ಮುಂದಿನದೆಲ್ಲ ನಿಯಮದ ಪ್ರಕಾರವೇ ನಡೆಯಿತೆಂದು ಖಚಿತವಾಗಿ ಹೇಳಬಲ್ಲೆ.

ನಮ್ಮ ಮೆಕ್ಯಾನಿಕ್ ವರ್ನಾ ಸ್ಕೋಗ್ಲುಂಡ್‌ಗೆ ಇಪ್ಪತ್ತಾರು ವರ್ಷದ ಸರ್ವಿಸು. ಅವಳು ಗಾಡಿಗೆ ಒಂದು ಸುತ್ತು ಹಾಕಿ, "ವೈರಿಂಗ್ ನಕ್ಷೆ ಕೊಡ್ರಪ್ಪ. ಯಾವ ವೈರು ಎಲ್ಲಿ ಹೋಗಿ ಯಾವುದನ್ನ ಕೂಡ್ಕೊಳ್ಳತ್ತೆ ಅಂತ ಗೊತ್ತಾದ್ರೆ ಅರ್ಧ ಗಂಟೆ ಕೆಲಸ" ಎಂದಳು.

ನಕ್ಷೆಯ ಪುಸ್ತಕ ಹಿಂದೆ ಗ್ಯಾರೇಜಿನಲ್ಲೇ ಇತ್ತು. ಹೋದ ವರ್ಷ ಮೇಲ್ವಿಚಾರಕ ಕ್ಲೇಟನ್ ರಾಡ್ಕೆಯವರು ಅದರ ಪುಟಗಳಲ್ಲಿ ಗ್ರೀಸಿನ ಬೆರಳಚ್ಚು ಕಂಡು, ಇದು ಸರ್ಕಾರಿ ದಾಖಲೆಗೆ ಅನುಮತಿಯಿಲ್ಲದೆ ಮಾಡಿದ ಸೇರ್ಪಡೆ ಎಂದು ತೀರ್ಮಾನಿಸಿ, ಪುಸ್ತಕವನ್ನು ತಮ್ಮ ಕಬ್ಬಿಣದ ಬೀರುವಿಗೆ ವರ್ಗಾಯಿಸಿದ್ದರು. ವರ್ನಾ ಅರ್ಜಿ ಹಾಕಿದಳು. ಒಂಬತ್ತು ಕೆಲಸದ ದಿನಗಳ ನಂತರ ನಕಲು ಬಂತು. ಭದ್ರತೆಯ ದೃಷ್ಟಿಯಿಂದ ಬ್ಯಾಟರಿ, ಫ್ಯೂಸು ಮತ್ತು ಸೈರನ್ ಇದ್ದ ಜಾಗಗಳಿಗೆಲ್ಲ ಕಪ್ಪು ಮಸಿ ಬಳಿಯಲಾಗಿತ್ತು.

"ಇದೇನು ಸ್ವಾಮಿ, ಇದರಲ್ಲಿ ಏನೂ ಕಾಣ್ತಾನೇ ಇಲ್ಲ!"

"ಪುಟದ ನಂಬರು ಕಾಣ್ತಿದೆಯಲ್ಲ?" ಎಂದರು ರಾಡ್ಕೆ. "ಅದನ್ನ ಮುಚ್ಚೋ ಅಧಿಕಾರ ನನಗಿಲ್ಲ."

ರಿಪೇರಿಯಾಗುವವರೆಗೆ ಗಾಡಿ ನಿಲ್ಲಿಸುವಂತಿರಲಿಲ್ಲ. ಒಂದನೇ ನಂಬರಿನ ಆಂಬುಲೆನ್ಸ್ ಡಿಸೆಂಬರಿನಿಂದಲೂ ಬಣ್ಣ ಬಳಿಸುವ ಟೆಂಡರಿಗಾಗಿ ಕಾದು ನಿಂತಿತ್ತು. ಆದಕಾರಣ ಸುತ್ತೋಲೆ ಹೊರಟಿತು: "ಎರಡನೇ ನಂಬರಿನ ವಾಹನವು ಮುಂದಿನ ಆದೇಶದವರೆಗೆ ಎಡಕ್ಕೆ ತಿರುಗತಕ್ಕದ್ದಲ್ಲ. ಎಡಕ್ಕೆ ಹೋಗಲೇಬೇಕಾದ ರೋಗಿಗಳಿದ್ದಲ್ಲಿ ಮೂರು ಬಾರಿ ಬಲಕ್ಕೆ ತಿರುಗುವುದು." ಚಾಲಕ ಓಡಿನ್ ಟ್ವೈಟ್ ಅದನ್ನು ಓದಿ ಸಹಿ ಹಾಕಿದ. ನಮ್ಮಲ್ಲಿ ಒಂದೊಂದು ಅಡ್ಡರಸ್ತೆಗೂ ಒಂದು ಮೈಲಿ ಅಂತರ ಎಂಬುದು ಸುತ್ತೋಲೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ವರ್ನಾ ಮೇಲ್ಮನವಿ ಸಲ್ಲಿಸಿದಳು. ರಾಡ್ಕೆಯವರು ಕಲ್ಲುಹೃದಯದವರಲ್ಲ. ಎರಡು ದಿನ ನಿಯಮಾವಳಿ ತಿರುವಿಹಾಕಿ, ಮೆಕ್ಯಾನಿಕ್ಕುಗಳು ಮೂಲ ನಕ್ಷೆಯನ್ನು ನೋಡುವುದಕ್ಕೆ ನಿಷೇಧವಿದೆಯೇ ಹೊರತು ಕೇಳುವುದಕ್ಕಿಲ್ಲ ಎಂದು ಅವರೇ ಕಂಡುಹಿಡಿದರು. ಏಪ್ರಿಲ್ ಹದಿನೆಂಟರಂದು ನಕ್ಷೆ ಪಠಣ ಏರ್ಪಾಡಾಯಿತು. ರಾಡ್ಕೆ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಓದಿದರು. ವರ್ನಾ ಗೋಡೆಗೆ ಮುಖ ಮಾಡಿ ಕೂತಳು. ನಾನು ನಡಾವಳಿ ಬರೆದುಕೊಂಡೆ.

"ಹಿಂದಿನ ಎಡ ದೀಪದಿಂದ ಒಂದು ಗೆರೆ ಹೊರಡುತ್ತೆ. ಕೆಳಗೆ ಬರುತ್ತೆ. ಇನ್ನೊಂದು ಗೆರೆಯನ್ನ ದಾಟುತ್ತೆ."

"ದಾಟೋ ಕಡೆ ಚುಕ್ಕೆ ಇದೆಯಾ? ಚುಕ್ಕೆ ಇದ್ರೆ ಎರಡೂ ವೈರು ಕೂಡಿವೆ ಅಂತ. ಇಲ್ದಿದ್ರೆ ಸುಮ್ನೆ ಹಾದು ಹೋಗಿವೆ ಅಷ್ಟೆ."

ರಾಡ್ಕೆ ಕನ್ನಡಕ ಒರೆಸಿಕೊಂಡರು. "ಚುಕ್ಕೆ ಇದೆ. ಆದ್ರೆ ಮುದ್ರಣದ್ದೋ ನೊಣದ್ದೋ ಗೊತ್ತಾಗ್ತಿಲ್ಲ."

"ಉಗುರಲ್ಲಿ ಕೆರೆದು ನೋಡಿ."

"ಸರ್ಕಾರಿ ದಾಖಲೆ ಕೆರೆಯೋದಾ!" ಎಂದು ಅವರು ನನ್ನ ಕಡೆ ನೋಡಿದರು. ನಾನು "ಚುಕ್ಕೆ, ಮೂಲ ಅನಿಶ್ಚಿತ" ಎಂದು ಬರೆದೆ.

"ಹೋಗ್ಲಿ ಬಿಡಿ, ಆ ಗೆರೆ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತೆ?"

"ಮೂರು ಅಡ್ಡಗೀಟು. ಮೇಲೆ ಉದ್ದ, ಕೆಳಗೆ ಬರ್ತಾ ಬರ್ತಾ ಗಿಡ್ಡ. ತಲೆಕೆಳಗಾದ ಕ್ರಿಸ್‌ಮಸ್ ಮರದ ಹಾಗಿದೆ."

"ಅದೇ ಅರ್ಥಿಂಗು! ಸೈರನ್ನಿನ ಗೆರೆ ಎಲ್ಲಿ ಮುಗಿಯತ್ತೆ?"

"ಅದೂ ಇದೇ ಮರಕ್ಕೇ ಬರುತ್ತೆ."

ವರ್ನಾ ತೊಡೆ ತಟ್ಟಿಕೊಂಡಳು. "ಸಿಕ್ತು! ಎರಡಕ್ಕೂ ಒಂದೇ ಅರ್ಥಿಂಗ್ ಬೋಲ್ಟು. ಹಿಮ ಕರಗಿಸೋಕೆ ರಸ್ತೆಗೆ ಹಾಕೋ ಉಪ್ಪಿಗೆ ಅದು ತುಕ್ಕು ಹಿಡಿದಿದೆ. ದೀಪದ ಕರೆಂಟಿಗೆ ನೆಲ ಸೇರೋಕೆ ದಾರಿ ಇಲ್ಲ, ಅದಕ್ಕೇ ಸೈರನ್ನಿನ ಕಡೆ ನುಗ್ತಿದೆ. ಬೋಲ್ಟು ಬಿಚ್ಚಿ ಉಜ್ಜಿದ್ರೆ ಮುಗೀತು."

"ಅರ್ಥಿಂಗ್ ಅಂತ ಇಲ್ಲಿ ಬರೆದಿಲ್ಲಮ್ಮ. ಕಂಡದ್ದನ್ನ ಕಂಡಹಾಗೆ ದಾಖಲು ಮಾಡ್ಬೇಕು. ಮರ ಅಂತ ಬರೀರಿ."

"ಮರ ಅಂದ್ರೆ ಅರ್ಥ ಇರೋದಿಲ್ಲ ಸ್ವಾಮಿ."

"ಅರ್ಥ ಇರ್ಬೇಕು ಅಂತ ಯಾವ ನಿಯಮದಲ್ಲಿದೆ?"

ನಾನು ಮರ ಎಂದು ಬರೆದೆ. ಕೌಂಟಿಯ ಆಸ್ತಿಗೆ ಸೇರಿದ ಮರವನ್ನು ಮುಟ್ಟಲು ಅರಣ್ಯ ಶಾಖೆಯ ಒಪ್ಪಿಗೆ ಬೇಕಾದ್ದರಿಂದ ಕಡತ ಅಲ್ಲಿಗೆ ಹೋಯಿತು. ಉತ್ತರ ಮೇ ತಿಂಗಳಲ್ಲಿ ಬಂತು: ಕೊಂಬೆಗಳ ವಿವರಣೆಯಿಂದ ಇದು ಕ್ರಿಸ್‌ಮಸ್‌ಗೆ ಬಳಸುವ ಫರ್ ಜಾತಿಯ ಮರವೆಂದು ತಿಳಿದುಬರುತ್ತದೆ, ಹಕ್ಕಿಗಳು ಗೂಡು ಕಟ್ಟುವ ಕಾಲವಾದ್ದರಿಂದ ಆಗಸ್ಟ್ ಮುಗಿಯುವವರೆಗೆ ಮರಕ್ಕೆ ಯಾವುದೇ ತೊಂದರೆ ಕೊಡಕೂಡದು.

ಅದೇ ವಾರ ಆಲ್ಮೀಡಾ ಹಸ್ ಅವರಿಗೆ ಎದೆನೋವು ಬಂತು. ಆಕೆಗೆ ಎಂಬತ್ತೊಂದು ವರ್ಷ; ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಟೀಚರ್. ಆಸ್ಪತ್ರೆಗೆ ಹೋಗಲು ಎರಡು ಕಡೆ ಎಡಕ್ಕೆ ತಿರುಗಬೇಕು. ಓಡಿನ್ ಆರು ಸಲ ಬಲಕ್ಕೆ ತಿರುಗಿದ. ಆಮ್ಲಜನಕದ ಮುಖವಾಡ ಎತ್ತಿ ಆಲ್ಮೀಡಾ ಕೇಳಿದರಂತೆ, "ಏನೋ ಓಡಿನ್, ಈ ಕೆಂಪು ಕೊಟ್ಟಿಗೆ ಈಗ್ತಾನೇ ನೋಡಿದ್ನಲ್ಲೋ? ದಾರಿ ತಪ್ಪಿದ್ಯಾ?"

"ಇಲ್ಲ ಟೀಚರ್. ಸುತ್ತೋಲೆ."

"ಓಹೋ, ಹಾಗಾದ್ರೆ ಸರಿ" ಎಂದು ಆಕೆ ಮುಖವಾಡ ಹಾಕಿಕೊಂಡರು.

ಆಸ್ಪತ್ರೆ ತಲುಪಿದಾಗ ಇನ್ನೂ ಉಸಿರಿತ್ತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಓಡಿನ್ ಗ್ಯಾರೇಜಿಗೆ ಬಂದು ಹೇಳಿದ. ವರ್ನಾಗೂ ಅಕ್ಷರ ಕಲಿಸಿದವರು ಆಲ್ಮೀಡಾ ಅವರೇ. ಅವಳು ಸ್ಪ್ಯಾನರು ತಗೊಂಡು ಗಾಡಿಯ ಕೆಳಗೆ ತೂರಿದಳು. ಕೆಳಗಿನಿಂದ ಉಜ್ಜುವ ಸದ್ದು ಮತ್ತು ನಡಾವಳಿಯಲ್ಲಿ ಬರೆಯಲಾಗದ ಕೆಲವು ಶಬ್ದಗಳು ಕೇಳಿಸಿದವು. ಹನ್ನೊಂದು ನಿಮಿಷ. ಓಡಿನ್ ಎಡ ದೀಪ ಹಾಕಿದ. ದೀಪ ಮಿನುಗಿತು, ಬೇರೇನೂ ಆಗಲಿಲ್ಲ. ಆ ಮೌನದಲ್ಲಿ ಅವನು ಮುಖ ಮುಚ್ಚಿಕೊಂಡು ಅತ್ತ.

ದೋಷವನ್ನು ಅನುಮತಿಯಿಲ್ಲದೆ ತೆಗೆದದ್ದಕ್ಕೆ ಮತ್ತು ಸಂರಕ್ಷಿತ ಮರಕ್ಕೆ ಹಾನಿ ಮಾಡಿದ್ದಕ್ಕೆ ವರ್ನಾಗೆ ನೋಟಿಸು ಹೋಯಿತು. ಜೂನ್ ಎರಡರಂದು ವಿಚಾರಣೆ.

"ತಪ್ಪು ಒಪ್ಕೊಳ್ತೀರಾ?" ರಾಡ್ಕೆ ಕೇಳಿದರು.

"ಬೋಲ್ಟು ಉಜ್ಜಿದ್ದು ಒಪ್ಕೊಳ್ತೀನಿ."

"ಮರ?"

ಸಭಾಂಗಣದಲ್ಲಿ, ಆಸ್ಪತ್ರೆಯಿಂದ ಮರಳಿದ್ದ ಆಲ್ಮೀಡಾ ಗಾಲಿಕುರ್ಚಿಯಲ್ಲಿ ಕೂತಿದ್ದರು. ವರ್ನಾ ಅವರನ್ನೊಮ್ಮೆ ನೋಡಿದಳು. "ಹ್ಞೂಂ, ಮರಾನೂ ಉಜ್ಜಿದೆ. ಬೇಕಾದ್ರೆ ಇನ್ನೊಂದು ನೆಡ್ತೀನಿ. ಕೆಲಸ ಮಾಡೋಕೆ ಬಿಡಿ."

ರಾಡ್ಕೆಯವರ ಮುಖದಲ್ಲಿ ದೊಡ್ಡ ಭಾರ ಇಳಿದಂತಾಯಿತು. ಶಿಕ್ಷೆ ಏನು ಕೊಡಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ, ಈಗ ಸಿಕ್ಕಿತು. ಗ್ಯಾರೇಜಿನ ಹಿಂದೆ ಫರ್ ಸಸಿ ನೆಡಲಾಯಿತು. ಆ ಸಮಾರಂಭಕ್ಕೆ ಲೂಥರನ್ ಚರ್ಚಿನ ಹೆಂಗಸರು ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್ ತಂದರು. ರಾಡ್ಕೆ ಸಸಿಯನ್ನು ಹಿಡಿದು, ದಾಖಲೆಗೆ ಸರಿಹೊಂದಬೇಕಲ್ಲ, ತಲೆಕೆಳಗಾಗಿ ನೆಡಬೇಕೇ ಎಂದು ಗಂಭೀರವಾಗಿ ಕೇಳಿದರು. ಆಲ್ಮೀಡಾ, "ನೆಟ್ಟಗೆ ನೆಡೋ ಕ್ಲೇಟನ್" ಎಂದ ಮೇಲೆ ನೆಟ್ಟಗೆ ನೆಟ್ಟರು. ಅವರಿಗೂ ಆಕೆ ಟೀಚರ್.

ಈಗ ನಮ್ಮ ಕೌಂಟಿಯಲ್ಲಿ ಅದೇ ಪದ್ಧತಿ. ವೈರಿನ ರಿಪೇರಿ ಬಂದರೆ ಮೊದಲು ಒಂದು ಸಸಿ, ಆಮೇಲೆ ಸ್ಪ್ಯಾನರು. ಅಕ್ಕಪಕ್ಕದ ಕೌಂಟಿಯವರೂ ಬಂದು ನೋಡಿ, ಬರೆದುಕೊಂಡು ಹೋಗಿದ್ದಾರೆ. ಮೊನ್ನೆ ಸ್ಕೂಲ್ ಬಸ್ಸಿನ ಮುಂದಿನ ದೀಪ ಮಂಕಾಗಿತ್ತು. ವರ್ನಾ ಬಾನೆಟ್ಟು ಎತ್ತಿ, ಇಣುಕಿ, ಮುಚ್ಚಿ, "ಸಲಿಕೆ ಎಲ್ಲಿಟ್ಟಿದ್ದೀರಾ?" ಎಂದಳು. ಯಾರೂ ನಗಲಿಲ್ಲ. ನಾನು ಸಲಿಕೆಯ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟೆ.