ಶ್ರುತಿಗೆ ಬಂದ ಪಿಯಾನೊ

ಗುಮಾಸ್ತ ಬಾಯಿ ತಪ್ಪಿ ಆಡಿದ್ದು ಒಂದೇ ಮಾತು. ಮೂರು ವರ್ಷದ ಹಿಂದೆ, ಮನೆ ತುಂಬ ನೆಂಟರು ಕೂತಿದ್ದಾಗ, ಹೆಂಡತಿ ತನ್ನ ತಾಯಿಯ ಕಾಲದ ಪಿಯಾನೊ ನುಡಿಸುತ್ತಿದ್ದಳು. "ಪಾತ್ರೆ ಅಂಗಡಿಗೆ ಬೆಕ್ಕು ನುಗ್ಗಿದ ಹಾಗಿದೆ" ಎಂದುಬಿಟ್ಟ. ನೆಂಟರೆಲ್ಲ ನಕ್ಕರು. ಹೆಂಡತಿಯೂ ನಕ್ಕಳು. ಆದರೆ ಆ ವಾರದಿಂದ ಅವಳು ಪಿಯಾನೊದ ಮುಚ್ಚಳ ತೆರೆದದ್ದನ್ನು ಅವನು ಕಾಣಲಿಲ್ಲ.

ಆ ಮುಚ್ಚಿದ ಮುಚ್ಚಳ ಕಣ್ಣಿಗೆ ಬಿದ್ದಾಗಲೆಲ್ಲ ಅವನಿಗೆ ಆ ಮಾತೇ ನೆನಪಾಗುತ್ತಿತ್ತು. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಕೊನೆಗೊಂದು ದಿನ ಕಚೇರಿಗೆ ರಜೆ ಹಾಕಿ, ಹೆಂಡತಿ ಪಾಠ ಹೇಳಲು ಶಾಲೆಗೆ ಹೋದ ಮೇಲೆ ಪಿಯಾನೊ ರಿಪೇರಿಯವನನ್ನು ಕರೆಸಿದ. ಸಂಜೆ ಬಂದವಳು ಮತ್ತೆ ನುಡಿಸಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ರಿಪೇರಿಯವನು ಮುಂದಿನ ಹಲಗೆ ಬಿಚ್ಚಿ ಇಣುಕಿದ. ತಂತಿಗಳಿಗೆ ಅಲ್ಲಲ್ಲಿ ತುಕ್ಕು; ತಂತಿಗೆ ಬಡಿಯುವ ಕೆಲವು ಪುಟ್ಟ ಸುತ್ತಿಗೆಗಳ ಉಣ್ಣೆಯನ್ನು ನುಸಿ ತಿಂದಿತ್ತು.

"ಮರ ಗಟ್ಟಿಯಾಗಿದೆ, ಸರಿಮಾಡಬಹುದು" ಎಂದ. "ಆದ್ರೆ ನನ್ನದು ಕಿವಿಯ ಕೆಲಸ ಸಾರ್. ಸದ್ದಾದ್ರೆ ಎದ್ದು ಹೋಗ್ತೀನಿ."

ಗುಮಾಸ್ತ ಫ್ಯಾನು ಆರಿಸಿದ, ಗಡಿಯಾರ ನಿಲ್ಲಿಸಿದ. ಅಷ್ಟರಲ್ಲಿ ಮೇಲಿನ ಮನೆಯಿಂದ ಹೆಂಡತಿಯ ಅಕ್ಕ ಇಳಿದು ಬಂದಳು. ಆಕೆಯ ಬಾಯಲ್ಲಿ ಗುಟ್ಟು ಉಳಿದ ಇತಿಹಾಸವೇ ಇರಲಿಲ್ಲ.

"ಅಕ್ಕ, ದಯವಿಟ್ಟು ಅವಳಿಗೆ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ? ಒಳ್ಳೇ ಕೆಲಸ ಮಾಡ್ತಿದೀರಿ. ಪೂರ್ತಿ ಸರಿಹೋಗುತ್ತೆ ತಾನೆ?"

ಹಾಗೆಂದವಳೇ ಸೆರಗು ಸಿಕ್ಕಿಸಿಕೊಂಡು ಇಡೀ ಕಟ್ಟಡದ ಬಾಯಿ ಮುಚ್ಚಿಸಲು ಹೊರಟಳು. ಒಬ್ಬರ ಬಟ್ಟೆ ಒಗೆಯುವ ಯಂತ್ರ ನಿಲ್ಲಿಸಿದಳು. ಅಳುತ್ತಿದ್ದ ಮಗುವನ್ನು ತಾಯಿಯ ಸಮೇತ ಪಾರ್ಕಿಗೆ ಅಟ್ಟಿದಳು. ರಿಪೇರಿಯವನಿಗೆ ಊಟವನ್ನೂ ತಾನೇ ತಂದು ಅಡುಗೆಮನೆಯಲ್ಲಿ ಬಡಿಸಿದಳು. ಇಂಥವಳನ್ನು ಇಷ್ಟು ದಿನ ಮನಸ್ಸಿನಲ್ಲೇ ಬೈದುಕೊಂಡೆನಲ್ಲ ಎಂದು ಗುಮಾಸ್ತ ನೊಂದುಕೊಂಡ.

ರಿಪೇರಿಯವನು ಊಟಕ್ಕೆ ಕೂತದ್ದೇ ತಡ, ಎದುರುಮನೆಯ ಸ್ಪ್ಯಾನರ್ ತಾತ ಒಳಗೆ ನುಗ್ಗಿದ. ತಾತ ಬಸ್ ಡಿಪೋದ ಮೆಕ್ಯಾನಿಕ್ ಕೆಲಸದಿಂದ ನಿವೃತ್ತನಾಗಿದ್ದ, ಅವನ ಕೈ ಮಾತ್ರ ನಿವೃತ್ತವಾಗಿರಲಿಲ್ಲ.

"ಎಲ್ಲಾ ಲೂಸಾಗಿದೆಯಲ್ಲಯ್ಯಾ" ಎನ್ನುತ್ತ ತಂತಿ ಬಿಗಿಯುವ ಒಂದು ಮೊಳೆಗೆ ಸ್ಪ್ಯಾನರ್ ಹಾಕಿಯೇಬಿಟ್ಟ.

"ತಾತ, ಅದು ಬಸ್ಸಲ್ಲ."

"ಯಾವುದಾದ್ರೇನು? ಸಡಿಲ ಇದ್ರೆ ಬಿಗೀಬೇಕು."

ಠಣ್ ಎಂದು ತಂತಿ ಹರಿದು ತಾತನ ಕನ್ನಡಕ ಹಾರಿಸಿತು. ರಿಪೇರಿಯವನು ಎಂಜಲು ಕೈಯಲ್ಲೇ ಓಡಿಬಂದ. ನೋಡಿದವನೇ ಚೀಲ ಕಟ್ಟತೊಡಗಿದ.

ಗುಮಾಸ್ತ ಆ ಚೀಲ ಹಿಡಿದುಕೊಂಡ. "ನನ್ನ ಕೆಟ್ಟ ಬಾಯಿಂದ ನಿಂತುಹೋಗಿರೋ ವಾದ್ಯ ಇದು. ಹೀಗೆ ಬಿಟ್ಟುಹೋಗ್ಬೇಡಪ್ಪ."

ಅಕ್ಕ ಹೋಗಿ ಬಾಗಿಲಿಗೇ ಅಡ್ಡ ನಿಂತಳು. "ಪೂರ್ತಿ ಸರಿಮಾಡದೆ ಹೊಸಿಲು ದಾಟೋ ಹಾಗಿಲ್ಲ" ಎಂದಳು. ತಾತನನ್ನು ಅವನ ಮನೆಗೆ ತಳ್ಳಿ ಹೊರಗಿನಿಂದ ಚಿಲಕವನ್ನೂ ಹಾಕಿ ಬಂದಳು. ರಿಪೇರಿಯವನು ಗೊಣಗುತ್ತ ಹೊಸ ತಂತಿ ಕಟ್ಟಿ, ಸುತ್ತಿಗೆಗಳಿಗೆ ಹೊಸ ಉಣ್ಣೆ ಅಂಟಿಸಿ, ಶ್ರುತಿ ಕೂಡಿಸಿದ.

ಸಂಜೆ ಹೆಂಡತಿ ಬಂದಾಗ ರಿಪೇರಿಯವನು ಕೊನೆಯದಾಗಿ ನುಡಿಸಿ ನೋಡುತ್ತಿದ್ದ. ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣೇ" ಎಂದ ಗುಮಾಸ್ತ. "ಈಗ ನುಡಿಸು."

ಅವಳು ಕೂತು ನುಡಿಸಿದಳು. ಕಣ್ಣೀರು ಕೆನ್ನೆಗಿಳಿಯಿತು. ಅದು ಸಂತೋಷದ ಕಣ್ಣೀರೆಂದು ಅವನು ಹಿಗ್ಗಿದ.

"ಚೆನ್ನಾಗಿದೆ" ಎಂದಳು ಅಕ್ಕ. "ನಾಳೆ ಬೆಳಗ್ಗೆ ಆಳುಗಳನ್ನ ಕಳಿಸ್ತೀನಿ, ಮೇಲಕ್ಕೆ ಸಾಗಿಸ್ಲಿ."

"ಏನನ್ನ?" ಎಂದ ಗುಮಾಸ್ತ.

"ಪಿಯಾನೊನ. ಅಮ್ಮ ಕೊಟ್ಟಿದ್ದು ನನಗಲ್ವಾ? ಕೆಟ್ಟುಹೋಗಿರೋದು ನನಗ್ಯಾಕೆ, ಸರಿಹೋದ ದಿನ ತಗೊಂಡು ಹೋಗ್ತೀನಿ ಅಂತ ಇವಳ ಹತ್ರ ಬಿಟ್ಟಿದ್ದೆ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

ಅವಳು ಮೆಟ್ಟಿಲು ಹತ್ತಿ ಹೋದಳು. ರಿಪೇರಿಯವನೂ ಮೆಲ್ಲಗೆ ಜಾರಿಕೊಂಡ.

"ನಿಮ್ಮ ಮಾತಿಗೆ ನೊಂದು ನಿಲ್ಲಿಸಿದೆ ಅಂದ್ಕೊಂಡ್ರಾ?" ಎಂದಳು ಹೆಂಡತಿ. "ನಿಮ್ಮ ಮಾತಿಗೆಲ್ಲ ನೊಂದ್ಕೊಂಡಿದ್ರೆ ನಾನು ಎಂದೋ ತವರು ಸೇರ್ತಿದ್ದೆ. ಅದೇ ವಾರ ಅಕ್ಕ ಮೇಲಿನ ಮನೆಗೆ ಬಂದ್ಲು. ನುಡಿಸೋದು ಕೇಳಿಸಿದ್ರೆ ಸರಿಯಿದೆ ಅಂತ ಹೊತ್ಕೊಂಡು ಹೋಗ್ತಾಳಲ್ಲ, ಅದಕ್ಕೇ ಮುಚ್ಚಿಟ್ಟೆ. ಅವಳೂ ನೀವೂ ಮನೇಲಿ ಇಲ್ಲದಾಗ ಮೆಲ್ಲಗೆ ನುಡಿಸ್ಕೋತಿದ್ದೆ. ಅಪಸ್ವರ ಆದ್ರೂ ಅಮ್ಮಂದು ನನ್ನ ಹತ್ರ ಇತ್ತು."

"ನನಗೊಂದು ಮಾತು ಹೇಳಬಾರದಿತ್ತಾ?"

"ನೀವೊಂದು ಮಾತು ಕೇಳಬಾರದಿತ್ತಾ?"

ಮಾರನೆಯ ಸಂಜೆ ಇಬ್ಬರೂ ಖಾಲಿ ಗೋಡೆಯ ಪಕ್ಕ ಊಟಕ್ಕೆ ಕೂತರು. ಮೇಲೆ ಅಕ್ಕ ಒಂದೇ ಬೆರಳಿನಲ್ಲಿ ಒಂದೊಂದೇ ಸ್ವರ ಕುಟ್ಟುತ್ತಿದ್ದಳು. ಎಲ್ಲವೂ ಶುದ್ಧ ಶ್ರುತಿಯಲ್ಲಿತ್ತು. ಹೆಂಡತಿಯ ಎಡಗೈ ಬೆರಳುಗಳು ಮೇಜಿನ ಅಂಚಿನಲ್ಲಿ ತಮ್ಮಷ್ಟಕ್ಕೆ ಆಡುತ್ತಿದ್ದವು. ಗುಮಾಸ್ತ ಅದನ್ನು ನೋಡಲಾರದೆ ಅರ್ಧ ಊಟದಲ್ಲೇ ಎದ್ದು ಕೈತೊಳೆಯಲು ಹೋದ.